ಸಂಜೆ ನಾಲ್ಕರ ನಗು

ಹಾಲಿನ ಕೇಂದ್ರದ ನಿಧಾನಪ್ಪನಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಊರು ಇಟ್ಟದ್ದು. ಹೆತ್ತವರು ಇಟ್ಟ ಹೆಸರು ಕೇಂದ್ರದ ಗೋಡೆಯಲ್ಲಿ ತೂಗುಹಾಕಿದ ನೇಮಕಾತಿ ಪತ್ರದಲ್ಲಿತ್ತು. ಅದರ ಚೌಕಟ್ಟಿನ ಗಾಜಿನ ಮೇಲೆ ಕೂತ ಧೂಳನ್ನು ಒರೆಸಿ ಓದುವಷ್ಟು ಬಿಡುವು ಯಾರಿಗೂ ಇರಲಿಲ್ಲ.

ಕೆಲಸದಲ್ಲಿ ಅವನು ನಿಧಾನವೇನಲ್ಲ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ನೂರಕ್ಕೂ ಹೆಚ್ಚು ಜನರ ಹಾಲು ಅಳೆಯುತ್ತಿದ್ದ. ಒಬ್ಬೊಬ್ಬರ ಹಾಲಿನಲ್ಲೂ ಸ್ವಲ್ಪವನ್ನು ಉದ್ದನೆಯ ಪಾತ್ರೆಗೆ ಸುರಿದು, ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಅದರಲ್ಲಿ ತೇಲಿಬಿಟ್ಟು, ಅದು ಎಷ್ಟು ಮುಳುಗಿತೆಂದು ಬಗ್ಗಿ ನೋಡಿ, ಯಾರ ಹಸು ನೀರು ಕುಡಿದಿದೆ, ಯಾರ ಹಾಲು ನೀರು ಕುಡಿದಿದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿದ್ದ. ಆದರೆ ಒಂದು ತಮಾಷೆಯ ಮಾತನ್ನು ಅವನ ಕಿವಿಗೆ ಹಾಕಿದರೆ ಅದು ಒಳಗೆ ಹೋಗಿ, ಅಲ್ಲಲ್ಲಿ ಕೂತು ದಣಿವಾರಿಸಿಕೊಂಡು, ದಾರಿ ವಿಚಾರಿಸಿಕೊಂಡು, ನಗುವಿನ ಬಾಗಿಲು ತಟ್ಟುವ ಹೊತ್ತಿಗೆ ಹೇಳಿದವನು ಮನೆಗೆ ಹೋಗಿ ಉಂಡು ಕೈ ತೊಳೆದಿರುತ್ತಿದ್ದ. ದರ್ಜಿಯ ಮದುವೆಯಲ್ಲಿ ಯಾರೋ ಹೇಳಿದ ಜೋಕಿಗೆ ನಿಧಾನಪ್ಪ ನಕ್ಕದ್ದು ದರ್ಜಿಯ ಮೊದಲ ಮಗಳು ಹುಟ್ಟಿದ ದಿನ, ಅದೂ ಹೆರಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ. "ಹೆಣ್ಣು ಮಗು ಅಂತ ನಗ್ತೀರೇನ್ರೀ?" ಎಂದು ನರ್ಸು ಜಗಳಕ್ಕೇ ನಿಂತುಬಿಟ್ಟಿದ್ದಳು.

ಕೇಂದ್ರದ ಕಪಾಟಿನ ಮೇಲೊಂದು ರೇಡಿಯೊ. ಏಳು ಗಂಟೆಗೆ ವಾರ್ತೆ, ಆಮೇಲೆ ಪೇಟೆ ಧಾರಣೆ, ಏಳೂಕಾಲಿಗೆ ಐದು ನಿಮಿಷ 'ಹರಟೆಯ ತಾತ'. ಈ ತಾತನನ್ನು ಯಾರೂ ಕಂಡವರಿಲ್ಲ. ದೂರದ ದೊಡ್ಡ ಊರಿನಲ್ಲಿ ಕೂತು ತನ್ನ ಹೆಂಡತಿ, ತನ್ನ ಸೊಂಟನೋವು, ತನ್ನ ಕ್ಷೌರಿಕ, ಕಳೆದುಹೋದ ಕೊಡೆ, ಇವುಗಳ ಬಗ್ಗೆ ಮಾತಾಡುತ್ತಿದ್ದ. ಹಾಲಿನ ಸಾಲು ಕ್ಯಾನು ಕೆಳಗಿಟ್ಟು ನಗುತ್ತಿತ್ತು. ನಿಧಾನಪ್ಪ ಮಾತ್ರ ಗಂಭೀರವಾಗಿ, "ಪಾಪ, ಕೊಡೆ ಸಿಕ್ಕಿತಂತಾ?" ಎಂದು ಕೇಳುತ್ತಿದ್ದ.

ಅವನಿಗೊಬ್ಬ ಅಕ್ಕ ಇದ್ದಳು. ತಾಯಿ ಹೋದ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು, ಹಿಂದಿನ ಬೀದಿಯಲ್ಲೇ ಮನೆ, ಎರಡು ಹಸು, ಒಬ್ಬನೇ ಮಗ. ಕೇಂದ್ರದಲ್ಲಿ ಅವಳ ನಂಬರು ಹದಿನೇಳು. ಹದಿನೇಳರ ಹಾಲು ಎಂದರೆ ಡಿಗ್ರಿ ಇಪ್ಪತ್ತೊಂಬತ್ತು. ಮಳೆಗಾಲವಿರಲಿ, ಬೇಸಿಗೆಯಿರಲಿ, ಗಾಜಿನ ಬುರುಡೆ ಅಲ್ಲಿಂದ ಕದಲಿದ್ದನ್ನು ಯಾರೂ ನೋಡಿಲ್ಲ. ಆ ಹಾಲನ್ನು ತರುತ್ತಿದ್ದವನು ಅವಳ ಮಗ. ಹರಟೆ ಮುಗಿದ ಮೇಲೆ ಅವನು ಹೋಗದೆ ನಿಂತು ಮಾವನಿಗೆ ಜೋಕು ಬಿಡಿಸಿ ಹೇಳುತ್ತಿದ್ದ.

"ಮಾವ, ತಾತ ಹೇಳಿದ್ದು ಹಸು ಬಗ್ಗೆ ಅಲ್ಲ. ಹೆಂಡತಿ ಬಗ್ಗೆ."

"ಹಾಗಾದ್ರೆ ಹಸು ಎಲ್ಲಿ ಹೋಯ್ತೋ?"

"ಹಸು ಇಲ್ಲ ಮಾವ. ಮೊದಲಿಂದ್ಲೂ ಇಲ್ಲ."

"ಅಯ್ಯೋ, ಮತ್ತೆ ಹಾಲು ಕರೆದದ್ದು?"

ಹುಡುಗ ತಾಳ್ಮೆಗೆಡುತ್ತಿರಲಿಲ್ಲ. ಎರಡನೇ ಸಲ ಹೇಳುತ್ತಿದ್ದ, ಮೂರನೇ ಸಲ ಕೈಸನ್ನೆ ಮಾಡಿ ಹೇಳುತ್ತಿದ್ದ. ಆಮೇಲೆ ಮಾವನ ಮುಖವನ್ನೇ ನೋಡುತ್ತ, "ಬಂತಾ ಮಾವ?" ಎಂದು ಕೇಳುತ್ತಿದ್ದ. "ಇರು, ಇರು... ಬಂತು!" ಎಂದು ನಿಧಾನಪ್ಪ ನಗಲು ಶುರುಮಾಡಿದರೆ ಖಾಲಿ ಕ್ಯಾನು ಮೆಟ್ಟಿಲ ಮೇಲಿಂದ ಉರುಳಿದ ಹಾಗೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಸಾಲು ಇನ್ನೊಮ್ಮೆ ನಗುತ್ತಿತ್ತು.

ಆ ವರ್ಷ ಯುದ್ಧ ಬಂತು. ಎಲ್ಲೋ ಗಡಿಯಲ್ಲಿ, ಯಾವುದೋ ಸೇತುವೆಗಾಗಿ. ಇಪ್ಪತ್ತೆರಡು ವರ್ಷದ ಅಳಿಯನಿಗೆ ಸೈನ್ಯಕ್ಕೆ ಸೇರುವಂತೆ ಕಾಗದ ಬಂತು. ಮೂರು ತಿಂಗಳು ತರಬೇತಿ ಮುಗಿಸಿ ಎರಡು ದಿನದ ರಜೆಗೆ ಊರಿಗೆ ಬಂದವನು ಹೊಸ ಬೂಟು ಹಾಕಿಕೊಂಡೇ ಕೇಂದ್ರಕ್ಕೆ ಹಾಲು ತಂದ. ನಿಧಾನಪ್ಪ ಬಗ್ಗಿ ಬೂಟಿನ ಮೂತಿ ಒತ್ತಿ ನೋಡಿದ.

"ಕಚ್ಚುತ್ತೇನೋ?"

"ಕಚ್ಚುತ್ತೆ ಮಾವ. ಸವೆದ ಮೇಲೆ ಸರಿಹೋಗುತ್ತಂತೆ."

ಅದೇ ಬೂಟು ಹಾಕಿಕೊಂಡು ಅವನು ಆಗತಾನೆ ಒರೆಸಿದ ನೆಲದ ಮೇಲೆ ನಡೆದನೆಂದು ಅಕ್ಕ ಬೈದದ್ದು ಎರಡು ಬೀದಿಗೆ ಕೇಳಿಸಿತು. ಅದೇನೂ ಹೊಸದಲ್ಲ. ಚಿಕ್ಕಂದಿನಿಂದಲೂ ಅವನು ಗದ್ದೆಯಿಂದ ಕೆಸರುಗಾಲಲ್ಲೇ ಒಳಗೆ ನುಗ್ಗುವುದು, ಅವಳು ಒರೆಸುವ ಬಟ್ಟೆ ಹಿಡಿದು ಹಿಂದೆಯೇ ಓಡುವುದು, ಆ ಮನೆಯ ದಿನಚರಿ. ಮಾರನೇ ದಿನ ಅವನು ಹೊರಟುಹೋದ. ಮತ್ತೆ ಹದಿನೇಳರ ಹಾಲನ್ನು ಅಕ್ಕನೇ ತಂದಳು. ತನ್ನ ನಂಬರು ಆದ ಕೂಡಲೇ, ಏಳರ ವಾರ್ತೆ ಶುರುವಾಗುವ ಮುಂಚೆ ಹೊರಟುಬಿಡುತ್ತಿದ್ದಳು. ವಾರ್ತೆ ಕೇಳುವುದು ಅವಳಿಂದ ಆಗುತ್ತಿರಲಿಲ್ಲ.

ಯುದ್ಧಕ್ಕೆ ನಾಲ್ಕು ತಿಂಗಳು ತುಂಬಿದ ಒಂದು ಬೆಳಿಗ್ಗೆ ಹರಟೆಯ ತಾತ ಹೀಗೆ ಹೇಳಿದ:

"ನಿನ್ನೆ ಒಂದು ಜೊತೆ ಬೂಟು ತಗೊಳ್ಳೋಣ ಅಂತ ಅಂಗಡಿಗೆ ಹೋದೆ. ಅಂಗಡಿಯವನು, 'ಇಲ್ಲ ಸ್ವಾಮಿ, ಬೂಟೆಲ್ಲಾ ಯುದ್ಧಕ್ಕೆ ಹೋಯ್ತು' ಅಂದ. ಮಾದರಿಗೆ ಉಳಿದಿದ್ದ ಒಂದನ್ನ ತೋರಿಸಿದ. 'ತಳ ನೋಡಿ, ಮೂರು ವರ್ಷ ಗ್ಯಾರಂಟಿ' ಅಂದ. 'ಭೇಷ್. ಇದನ್ನ ಹಾಕ್ಕೊಳ್ಳೋ ಹುಡುಗನಿಗೆ ಎಷ್ಟು ವರ್ಷ ಗ್ಯಾರಂಟಿ?' ಅಂತ ಕೇಳಿದೆ. ಅವನು ತಲೆ ಕೆರ್ಕೊಂಡು, 'ಅದು ನಮ್ಮ ಕಂಪನಿ ಮಾಲಲ್ಲ ಸ್ವಾಮಿ' ಅಂದ. ಅದಕ್ಕೆ ಎರಡೂ ಸರ್ಕಾರಗಳಿಗೆ ನನ್ನದೊಂದು ಮನವಿ. ಗ್ಯಾರಂಟಿ ಇರೋ ಬೂಟುಗಳೇ ಯುದ್ಧ ಮಾಡಲಿ. ಎರಡು ಕಡೆಯ ಬೂಟನ್ನೂ ಮೈದಾನದಲ್ಲಿ ಎದುರುಬದುರು ನಿಲ್ಲಿಸಿ. ಯಾರ ತಳ ಮೊದಲು ಸವೆಯುತ್ತೋ ಅವರು ಸೋತ ಹಾಗೆ. ಹುಡುಗರು ಬರಿಗಾಲಲ್ಲಿ ಮನೆಗೆ ಬರಲಿ. ಕೆಸರುಗಾಲಲ್ಲಿ ಒಳಗೆ ಬಂದ್ರೆ ತಾಯಂದಿರು ಬೈಬಹುದು. ಬೈಲಿ. ಬೈಸಿಕೊಳ್ಳೋಕೆ ಹುಡುಗ ಇರ್ತಾನಲ್ಲ."

ಆ ಹೊತ್ತಿನಲ್ಲಿ ಕೇಂದ್ರದಲ್ಲಿ ನಡೆದದ್ದನ್ನು ಇದ್ದದ್ದು ಇದ್ದಹಾಗೆ ಹೇಳಬೇಕು, ಯಾಕೆಂದರೆ ಮುಂದೆ ಅದನ್ನು ಯಾರೂ ಒಪ್ಪಿಕೊಳ್ಳಲಿಲ್ಲ. ದರ್ಜಿ ಗಟ್ಟಿಯಾಗಿ ನಕ್ಕ. ಶಾಲೆಯ ಹೆಡ್‌ಮಾಸ್ಟರು ಮೂಗಿನಲ್ಲೇ ನಕ್ಕರು. ಊರಿನ ಅಧ್ಯಕ್ಷರು, "ಕಂಪನಿ ಮಾಲಲ್ಲ ಅಂತೆ, ಬಡ್ಡಿಮಗ ಚೆನ್ನಾಗಿ ಹೇಳ್ದ" ಎಂದು ಪಕ್ಕದವರ ಭುಜ ತಟ್ಟಿದರು. ಆಮೇಲೆ ಮೂವರೂ ತಮ್ಮ ಹಾಲಿನ ಡಿಗ್ರಿ ಕಡಿಮೆ ಬಂತೆಂದು ನಿಧಾನಪ್ಪನೊಡನೆ ವಾದ ಮಾಡಿ ಮನೆಗೆ ಹೋದರು. ನಗದವನು ನಿಧಾನಪ್ಪ ಒಬ್ಬನೇ. 'ಮೂರು ವರ್ಷ ಅಂದ್ರೆ ಒಳ್ಳೇ ತಳವೇ' ಎಂದುಕೊಂಡು ಅವನು ಮುಂದಿನ ನಂಬರು ಕೂಗಿದ. ಬಿಡಿಸಿ ಹೇಳುವವನು ಊರಲ್ಲಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ದೊಡ್ಡ ಊರಿನಲ್ಲಿ ಗಲಾಟೆ ಎದ್ದಿತು. ರೇಡಿಯೊದವರ ಗೇಟಿಗೆ ಕಲ್ಲು ಬಿತ್ತು. ತಾತನನ್ನು ಯುದ್ಧಕ್ಕೇ ಕಳಿಸಬೇಕೆಂದು ಒಬ್ಬರು ಹೇಳಿಕೆ ಕೊಟ್ಟರೆ, ಆ ವಯಸ್ಸಿನವರನ್ನು ಕಳಿಸಿದರೆ ನಾವು ಸೋಲುತ್ತೇವೆ ಎಂದು ಇನ್ನೊಬ್ಬರು ತಿದ್ದುಪಡಿ ಸೂಚಿಸಿದರು. ಬೂಟಿನ ಕಂಪನಿಯೊಂದು ತನ್ನ ಗ್ಯಾರಂಟಿಯನ್ನು ಐದು ವರ್ಷಕ್ಕೆ ಏರಿಸಿರುವುದಾಗಿ ಪ್ರಕಟಣೆ ಕೊಟ್ಟಿತು. ಮಧ್ಯಾಹ್ನದ ವಾರ್ತೆಯಲ್ಲಿ ಇದನ್ನೆಲ್ಲ ಕೇಳಿದ ಮೇಲೆ ಊರಿಗೂ ತನಗೆ ಬೆಳಿಗ್ಗೆಯೇ ಬಹಳ ಸಿಟ್ಟು ಬಂದಿತ್ತೆಂಬುದು ನೆನಪಾಯಿತು. ಅದೇ ವಾರ್ತೆಯಲ್ಲಿ, ಸೇತುವೆಯ ಬಳಿ ಹನ್ನೊಂದು ಹುಡುಗರು ಸತ್ತರೆಂಬ ಸುದ್ದಿಯೂ ಇತ್ತು. ಅವರಲ್ಲಿ ನಮ್ಮ ಊರಿನವರು ಯಾರೂ ಇರಲಿಲ್ಲ. ಮೂರು ಗಂಟೆಗೆ ಶಾಲೆಯ ಮೈದಾನದಲ್ಲಿ ಸಭೆ ಎಂದು ಡಂಗುರವಾಯಿತು.

ಸಭೆಗೆ ಎಲ್ಲರೂ ಬಂದರು. ಅಕ್ಕನೂ ಬಂದು ಹೆಂಗಸರ ಸಾಲಿನಲ್ಲಿ ಮುಂದೆ ನಿಂತಳು. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ, ಸತ್ತವರನ್ನು ಗೇಲಿ ಮಾಡಿದ ಆ ಮುದುಕನ ನಾಲಿಗೆಗೆ ಧಿಕ್ಕಾರ ಹೇಳಿದರು. ಆಮೇಲೆ ಎರಡು ನಿಮಿಷ ಮೌನ. ಹೆಡ್‌ಮಾಸ್ಟರು ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಸೀಟಿ ಹಿಡಿದು ನಿಂತರು.

ನಿಧಾನಪ್ಪ ತಲೆ ತಗ್ಗಿಸಿ, ಮನಸ್ಸಿನಲ್ಲೇ ಅಳಿಯನ ಮುಖ ನೆನೆದ. ಕಣ್ಣು ತೆರೆದರೆ ಎದುರಿನ ವೇದಿಕೆಯಲ್ಲಿ ಅಧ್ಯಕ್ಷರ ಬೂಟು. ಹೊಸದು, ಕಪ್ಪಗೆ ಮಿರಿಮಿರಿ ಮಿಂಚುತ್ತಿದೆ. ತಳ ದಪ್ಪ. ಇದಕ್ಕೆ ಎಷ್ಟು ವರ್ಷ ಗ್ಯಾರಂಟಿಯೋ ಎಂದುಕೊಂಡ. ಅಲ್ಲಿಗೆ, ಬೆಳಿಗ್ಗೆ ಏಳೂಕಾಲಿಗೆ ಹೊರಟ ಜೋಕು ಊರೆಲ್ಲ ಸುತ್ತಿಕೊಂಡು ಬಂದು ಬಾಗಿಲು ತಟ್ಟಿತು. ಅದು ನಮ್ಮ ಕಂಪನಿ ಮಾಲಲ್ಲ!

ಅವನು ತುಟಿ ಕಚ್ಚಿದ. ಮೂಗು ಹಿಡಿದುಕೊಂಡ. ಬಾಯಿಗೆ ಟವೆಲು ತುರುಕಿಕೊಂಡ. ಖಾಲಿ ಕ್ಯಾನು ಮೆಟ್ಟಿಲ ಅಂಚಿಗೆ ಬಂದಾಗಿತ್ತು. ಇನ್ನು ಅದನ್ನು ತಡೆಯುವುದು ಯಾರಿಂದಲೂ ಆಗದು. ನಾಲ್ಕುನೂರು ಜನರ ಮೌನದೊಳಗೆ ಅದು ದಡಬಡ ದಡಬಡ ಎಂದು ಉರುಳತೊಡಗಿತು.

ಜನ ಅವನನ್ನು ಆಗಲೇ ಹಿಡಿದು ತದುಕಿಬಿಡುತ್ತಿದ್ದರೇನೋ. ಆದರೆ ಮೌನ ಮುಗಿಯಲು ಇನ್ನೂ ನಲವತ್ತು ಸೆಕೆಂಡು ಬಾಕಿ ಇತ್ತು. ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯರು. ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಹೀಗಾಗಿ ನಲವತ್ತು ಸೆಕೆಂಡು ಇಡೀ ಊರು ಮುಷ್ಟಿ ಬಿಗಿದು, ಹಲ್ಲು ಕಡಿದು, ನೆಟ್ಟಗೆ ನಿಂತಿತ್ತು. ನಿಧಾನಪ್ಪ ಒಬ್ಬನೇ ನಡುವೆ ಬಾಗಿ ಬಳುಕಿ ನಗುತ್ತಿದ್ದ. ಮುಂದಿನ ಸಾಲಿನಿಂದ ಒಂದು ತಲೆ ಮಾತ್ರ ಹಿಂದೆ ತಿರುಗಿತು. ಅದು ಅಕ್ಕನದು. ಅವಳ ಕಣ್ಣು ನೋಡಿ ಅವನ ನಗು ಅಲ್ಲೇ ನಿಂತಿತು. ಆಗ ಸೀಟಿ ಮೊಳಗಿತು.

ಅಂಗಿಯ ಎರಡು ಗುಂಡಿ, ಒಂದು ಚಪ್ಪಲಿ ಹೋದದ್ದಷ್ಟೇ. ದರ್ಜಿ ಅಡ್ಡ ಬಂದು ಬಿಡಿಸಿದ. ಅಧ್ಯಕ್ಷರು ಮೈಕು ಹಿಡಿದು, "ಇದು ಒಬ್ಬನ ನಗು ಅಲ್ಲ! ಇವನ ಹಿಂದೆ ಯಾರಿದ್ದಾರೆ ಅನ್ನೋದು ಗೊತ್ತಾಗ್ಬೇಕು!" ಎಂದು ಗರ್ಜಿಸಿದರು. ಎಲ್ಲರೂ ನಿಧಾನಪ್ಪನ ಹಿಂದೆ ನೋಡಿದರು. ಅಲ್ಲಿ ಶಾಲೆಯ ನಲ್ಲಿ ಸೋರುತ್ತಿತ್ತು.

ಅವನು ಸೀದಾ ಅಕ್ಕನ ಮನೆಗೆ ಹೋದ. ಅವಳು ನೆಲ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

"ಅಕ್ಕ, ನಾನು ನಕ್ಕಿದ್ದು ಈಗಿನದಕ್ಕಲ್ಲ. ಬೆಳಿಗ್ಗೆದಕ್ಕೆ."

"ಬೆಳಿಗ್ಗೆ ಏನಿತ್ತು ನಗೋಕೆ?"

"ಬೂಟು ಅಕ್ಕ. ಒಬ್ಬ ಅಂಗಡಿಯವನು... ಮೂರು ವರ್ಷ ಗ್ಯಾರಂಟಿ ಅಂತಾನೆ. ಹುಡುಗನಿಗೆ ಮಾತ್ರ ಗ್ಯಾರಂಟಿ ಇಲ್ಲ ಅಂತ..."

ಬಿಡಿಸಿ ಹೇಳುವುದು ಅವನ ಕಸುಬಲ್ಲ. ಅರ್ಧ ಮಾತಿನಲ್ಲೇ ತಾನು ಏನು ಹೇಳುತ್ತಿದ್ದೇನೆ, ಯಾರೆದುರು ಹೇಳುತ್ತಿದ್ದೇನೆ ಎಂಬುದು ಹೊಳೆಯಿತು.

"ನೀನು ಎತ್ತಿ ಆಡಿಸಿದ ಹುಡುಗ ಕಣೋ ಅವನು," ಎಂದಳು ಅಕ್ಕ. "ಹೊಸಲು ದಾಟಬೇಡ. ನೆಲ ಒದ್ದೆ ಇದೆ."

ಬಾಗಿಲು ಹಾಕಿಕೊಂಡಿತು.

ಮಾರನೇ ಬೆಳಿಗ್ಗೆ ಹದಿನೇಳರ ಹಾಲು ಬರಲಿಲ್ಲ. ಅಕ್ಕ ಕ್ಯಾನು ಹೊತ್ತು ಎರಡು ಮೈಲಿ ಆಚೆಯ ಊರಿನ ಕೇಂದ್ರಕ್ಕೆ ನಡೆದುಹೋದಳೆಂದು ದರ್ಜಿ ಹೇಳಿದ. ನಿಧಾನಪ್ಪ ಅಳೆಯುವುದನ್ನು ಮುಂದುವರಿಸಿದ. ಹದಿನಾರು ಮುಗಿದ ಮೇಲೆ, "ಹದಿನೇಳು" ಎಂದು ಕೂಗಿದ. ಯಾರೂ ಓಗೊಡಲಿಲ್ಲ. ಸ್ವಲ್ಪ ಕಾದು, "ಹದಿನೆಂಟು" ಎಂದ. ದಿನವೂ ಇದೇ ಆಯಿತು. "ಬರಲ್ಲ ಅಂತ ಗೊತ್ತಿದ್ರೂ ಯಾಕಯ್ಯ ಕೂಗ್ತೀಯ? ಹೊತ್ತಾಗುತ್ತೆ, ನನಗೆ ಶಾಲೆ ಇದೆ!" ಎಂದು ಹೆಡ್‌ಮಾಸ್ಟರು ಕೈಗಡಿಯಾರ ತಟ್ಟುತ್ತಿದ್ದರು. ಅವರ ನಂಬರು ಹದಿನೆಂಟು.

ಊರಿಗೆ ಹರಟೆಯ ತಾತ ಕೈಗೆ ಸಿಗುವಂತಿರಲಿಲ್ಲ, ನಿಧಾನಪ್ಪ ಸಿಕ್ಕಿದ್ದ. ಹೀಗಾಗಿ ತಾತನಿಗೆ ಸಲ್ಲಬೇಕಾದ್ದೆಲ್ಲ ಅವನ ವಿಳಾಸಕ್ಕೆ ಬಂತು. ತಾತ ಅವನ ದೊಡ್ಡಪ್ಪನೆಂದು ಒಬ್ಬರು ಹೇಳಿದರು. ಆ ಜೋಕು ಬರೆದುಕೊಟ್ಟವನೇ ಇವನೆಂದು ಇನ್ನೊಬ್ಬರು. ಒಂದು ಜೋಕು ಅರ್ಥವಾಗಲು ಒಂಬತ್ತು ಗಂಟೆ ಬೇಕಾಗುವವನು ಬರೆಯಲು ಎಷ್ಟು ವರ್ಷ ತಗೊಂಡಿರಬೇಕು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಪೊಲೀಸಿನವನು ಬಂದು ರೇಡಿಯೊವನ್ನು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗಿನ ಮುದ್ರೆ ಒತ್ತಿ, "ಒಳಗಿಂದ ಮಾತಾಡಿದ್ರೆ ನೀನೇ ಜವಾಬ್ದಾರ" ಎಂದು ಸಹಿ ತಗೊಂಡ. ರೇಡಿಯೊದಲ್ಲಿ ಹೇಗೂ ಏಳೂಕಾಲಿಗೆ ಈಗ ಬ್ಯಾಂಡು ಬಾರಿಸುತ್ತಿದ್ದರು. ತಾತನ ಸುದ್ದಿ ಇರಲಿಲ್ಲ.

"ಇನ್ನು ನಗೋದಿದ್ರೆ ಮನೆಯಲ್ಲಿ ನಕ್ಕೊಂಡು ಹೋಗಿ ರೀ," ಎಂದು ಹೆಂಡತಿ ಬುದ್ಧಿ ಹೇಳಿದಳು. ಅವಳ ಮಾತಿನಂತೆ ನಿಧಾನಪ್ಪ ಕೇಂದ್ರದಲ್ಲಿ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು ಕೂತ. ಇದು ಇನ್ನೊಂದು ಆಪತ್ತಾಯಿತು. ಗಾಜಿನ ಬುರುಡೆಯನ್ನು ನೋಡುವಾಗ ಅವನು ಹೀಗೆ ಮುಖ ಮಾಡಿದರೆ ಹಾಲು ತಂದವರ ಎದೆ ಹೊಡೆದುಕೊಳ್ಳುತ್ತಿತ್ತು. "ಒಂದೇ ಒಂದು ಲೋಟ ಹಾಕಿದ್ದು ಕಣಣ್ಣಾ, ಮಳೆ ನೀರು!" ಎಂದು ಮೂವರು ಕೇಳದೆಯೇ ತಪ್ಪೊಪ್ಪಿಕೊಂಡರು.

ಹತ್ತು ದಿನದ ಮೇಲೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ತನಿಖೆಗೆ ಬಂದ. ಊರಿನ ಕಚೇರಿಯಲ್ಲಿ ಉದ್ದನೆಯ ಮೇಜು, ಜಗ್ಗಿನಲ್ಲಿ ನೀರು, ಬರೆದುಕೊಳ್ಳಲು ಗುಮಾಸ್ತ. ಒಂದು ಕಡೆ ಅಧ್ಯಕ್ಷರು, ಹೆಡ್‌ಮಾಸ್ಟರು, ದರ್ಜಿ. ಇನ್ನೊಂದು ಕಡೆ ನಿಧಾನಪ್ಪ.

"ಮೊದಲು ರೇಡಿಯೊದಲ್ಲಿ ಏನು ಹೇಳಿದ್ರು ಅನ್ನೋದು ದಾಖಲಾಗಬೇಕು," ಎಂದ ಅಧಿಕಾರಿ. "ಅಧ್ಯಕ್ಷರೇ, ನೀವು ಹೇಳಿ."

"ನಾನು ಕೇಳಿಲ್ಲ ಸಾರ್. ಆದ್ರೆ ಬಹಳ ಕೆಟ್ಟದ್ದು."

"ಹೆಡ್‌ಮಾಸ್ಟರೇ?"

"ನಾನು ಕೇಂದ್ರದಲ್ಲಿದ್ದೆ, ಒಪ್ತೀನಿ. ಆದ್ರೆ ಆ ಐದು ನಿಮಿಷ ನನ್ನ ಗಮನವೆಲ್ಲ ಡಿಗ್ರಿ ಮೇಲಿತ್ತು."

"ನನಗೆ ಆ ಕಿವಿ ಸ್ವಲ್ಪ ಮಂದ," ಎಂದ ದರ್ಜಿ, ಯಾವ ಕಿವಿ ಎಂದು ಹೇಳದೆ.

"ಅಂದ್ರೆ ಇಡೀ ಊರಲ್ಲಿ ಕೇಳಿದವನು ಇವನೊಬ್ಬನೇ," ಎಂದು ಅಧಿಕಾರಿ ನಿಧಾನಪ್ಪನ ಕಡೆ ತಿರುಗಿದ. "ಹೇಳಯ್ಯ. ಒಂದಕ್ಷರ ಬಿಡಬಾರದು."

ನಿಧಾನಪ್ಪ ಎದ್ದು ನಿಂತು, ಕೈಕಟ್ಟಿ, ಪಾಠ ಒಪ್ಪಿಸುವ ಹಾಗೆ ಶುರುಮಾಡಿದ. ಬೂಟಿನ ಅಂಗಡಿ, ಮಾದರಿ ಬೂಟು, ಮೂರು ವರ್ಷದ ತಳ. ಹುಡುಗನ ಗ್ಯಾರಂಟಿಯವರೆಗೆ ಬಂದಾಗ ಗುಮಾಸ್ತನ ಪೆನ್ನು ನಿಂತಿತು. 'ಅದು ನಮ್ಮ ಕಂಪನಿ ಮಾಲಲ್ಲ ಸ್ವಾಮಿ' ಎಂದಾಗ ಗುಮಾಸ್ತ ಮೇಜಿನ ಕೆಳಗೆ ಏನೋ ಬಿತ್ತೆಂದು ಬಗ್ಗಿದವನು ಮೇಲೆ ಏಳಲೇ ಇಲ್ಲ. ದರ್ಜಿ ಗೋಡೆಯ ಕಡೆ ತಿರುಗಿದ. ಹೆಡ್‌ಮಾಸ್ಟರ ಮೂಗಿನಿಂದ ಹಳೆಯ ಸದ್ದೇ ಬಂತು. ಅಧಿಕಾರಿಯ ಹೊಟ್ಟೆ ಅಲುಗಿತು. ಅವನು ಗಂಟಲು ಸರಿಮಾಡಿಕೊಂಡು ಕೆಮ್ಮಿದ, ಮತ್ತೆ ಕೆಮ್ಮಿದ, ನೀರು ಕುಡಿದು ಇನ್ನೊಮ್ಮೆ ಕೆಮ್ಮಿದ. 'ಈ ಹಂತದಲ್ಲಿ ಹಾಜರಿದ್ದವರೆಲ್ಲರಿಗೂ ಕೆಮ್ಮು ಬಂದುದರಿಂದ ವಿಚಾರಣೆಯನ್ನು ಕೆಲಕಾಲ ನಿಲ್ಲಿಸಲಾಯಿತು' ಎಂದು ಗುಮಾಸ್ತ ಬರೆದದ್ದು ಈಗಲೂ ಆ ಕಡತದಲ್ಲಿದೆ. ಮುಂದಿನ ಅರ್ಧ, ಬರಿಗಾಲಲ್ಲಿ ಮನೆಗೆ ಬರುವ ಹುಡುಗರ ಮಾತನ್ನು, "ಸಾಕು, ಸಾಕು" ಎಂದು ಯಾರೂ ಹೇಳಗೊಡಲಿಲ್ಲ.

"ಬೆಳಿಗ್ಗೆ ಏಳೂಕಾಲಿನ ಮಾತಿಗೆ ಸಂಜೆ ನಾಲ್ಕಕ್ಕೆ ಯಾಕೆ ನಕ್ಕೆ?" ಎಂದು ಅಧಿಕಾರಿ ಕಣ್ಣೊರೆಸಿಕೊಂಡು ಕೇಳಿದ.

"ಆಗ ಬಂತು ಸ್ವಾಮಿ."

"ಅದಕ್ಕೆ ಮೊದಲು?"

"ದಾರಿಯಲ್ಲಿತ್ತು."

ಇದು ಉದ್ಧಟತನವೆಂದು ದಾಖಲಾಯಿತು. ಆಸ್ಪತ್ರೆಯ ನರ್ಸಿನ ಪ್ರಸಂಗವನ್ನು ದರ್ಜಿ ಸಾಕ್ಷಿಯಾಗಿ ಹೇಳಿದ್ದರಿಂದ ಶಿಕ್ಷೆ ಹಗುರವಾಯಿತು: ಶಾಲೆಯ ಮೈಕಿನಲ್ಲಿ ಕ್ಷಮಾಪಣೆ ಓದಬೇಕು. ಗುಮಾಸ್ತ ಬರೆದುಕೊಟ್ಟದ್ದನ್ನು ನಿಧಾನಪ್ಪ ಭಾನುವಾರ ಊರೆದುರು ಓದಿದ. "ಇನ್ನು ಮುಂದೆ ನಾನು ನಗುವುದಾದರೆ ಸಕಾಲದಲ್ಲಿ, ಎಲ್ಲರ ಜೊತೆಯಲ್ಲಿ ಮಾತ್ರ ನಗುತ್ತೇನೆಂದು ಈ ಮೂಲಕ ಒಪ್ಪಿಕೊಂಡಿರುತ್ತೇನೆ." ಹೆಂಗಸರ ಸಾಲಿನಲ್ಲಿ ಅವನು ಹುಡುಕಿದ ಮುಖ ಇರಲಿಲ್ಲ. ಯಾರ ಕ್ಷಮೆ ಬೇಕಿತ್ತೋ ಅವಳು ಕೇಳಲು ಬಂದೇ ಇರಲಿಲ್ಲ.

ಊರಿನ ಸಿಟ್ಟು ಆ ಭಾನುವಾರಕ್ಕೆ ಮುಗಿಯಿತು. ಸಾಲು ಮತ್ತೆ ಡಿಗ್ರಿಯ ಜಗಳಕ್ಕೆ ಮರಳಿತು. ನಿಧಾನಪ್ಪ ದಿನಾ ಹದಿನೇಳು ಎಂದು ಕೂಗುತ್ತಿದ್ದ.

ಇನ್ನೊಂದು ತಿಂಗಳು ಕಳೆದಿರಬೇಕು. ಹಾಲಿನ ವ್ಯಾನು ಹೋದ ಮೇಲೆ ಕ್ಯಾನುಗಳನ್ನು ತೊಳೆದು ಕವುಚಿ ಹಾಕುತ್ತಿದ್ದಾಗ ಕೇಂದ್ರದ ಎದುರು ಒಂದು ಜೀಪು ನಿಂತಿತು. ಇಬ್ಬರು ಸೈನ್ಯದವರು ಇಳಿದರು. ಅವರಲ್ಲಿ ಹಿರಿಯನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕಾಗದ ನೋಡಿ, ಒಂದು ಹೆಸರು ಹೇಳಿ, "ಮನೆ ಯಾವುದು?" ಎಂದು ಕೇಳಿದ. ಅದು ಅಳಿಯನ ಹೆಸರು.

ನಿಧಾನಪ್ಪ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ಜೀಪು ಆ ಬೀದಿಗೆ ಹೋಗಲ್ಲ. ಬನ್ನಿ," ಎಂದ. ಅವರ ಮುಂದೆ ನಡೆದ. ತಿರುವಿನಲ್ಲಿ ನಿಂತು ಬೆರಳು ತೋರಿಸಿ, "ಅದೇ, ಹೊಸಲು ಒದ್ದೆ ಇರೋದು," ಎಂದ. ತಾನು ಮುಂದೆ ಹೋಗಲಿಲ್ಲ. ಬಾಗಿಲು ತೆರೆದದ್ದನ್ನು, ಅವರಿಬ್ಬರೂ ಒಳಗೆ ಹೋಗುವ ಮುನ್ನ ಬೂಟು ಬಿಚ್ಚಿಟ್ಟದ್ದನ್ನು ದೂರದಿಂದ ನೋಡಿದ.

ಆಮೇಲೆ ನಡೆದದ್ದರಲ್ಲಿ ಊರು ಏನೂ ಕಡಿಮೆ ಮಾಡಲಿಲ್ಲ. ಅಂಗಡಿ ಮುಚ್ಚಿದರು. ಅಧ್ಯಕ್ಷರು ಒಂದು ಗಂಟೆ ಮಾತಾಡಿ ನಿಜವಾಗಿಯೂ ಅತ್ತರು. ಮೌನಕ್ಕೆ ನಿಂತ ಹೆಡ್‌ಮಾಸ್ಟರು ಗಡಿಯಾರ ನೋಡುವುದನ್ನೇ ಮರೆತರು. ಆ ಹುಡುಗ ಅವರಲ್ಲೇ ಏಳು ವರ್ಷ ಓದಿದವನು. ಎಲ್ಲರೂ ಅತ್ತರು. ನಿಧಾನಪ್ಪನ ಕಣ್ಣು ಮಾತ್ರ ಒಣಗಿತ್ತು. "ಅಂದು ನಕ್ಕ, ಇಂದು ಅಳಲೂ ಇಲ್ಲ. ಎಂಥ ಕಲ್ಲೋ ಇವನು," ಎಂದು ಜನ ಆಡಿಕೊಂಡರು. ಹೆಂಡತಿಗೇ ಭಯವಾಯಿತು.

"ರೀ, ಒಮ್ಮೆ ಅತ್ತುಬಿಡಿ. ಎದೆಯೊಳಗೆ ಇಟ್ಕೋಬೇಡಿ."

"ಇಟ್ಕೊಂಡಿಲ್ಲ ಕಣೆ," ಎಂದ ನಿಧಾನಪ್ಪ. "ಇನ್ನೂ ಬಂದಿಲ್ಲ."

ಮೂರು ವಾರವಾದರೂ ಬರಲಿಲ್ಲ. ಅವನು ಅಳೆದ, ಬರೆದ, ಕ್ಯಾನು ತೊಳೆದ. ಹದಿನಾರಾದ ಮೇಲೆ ಹದಿನೇಳು ಎಂದು ಕೂಗಿದ. ಈಗ ಹೆಡ್‌ಮಾಸ್ಟರು ಗಡಿಯಾರ ತಟ್ಟುವುದನ್ನು ಬಿಟ್ಟಿದ್ದರು.

ಒಂದು ಬೆಳಿಗ್ಗೆ ಹಾಗೆ ಕೂಗಿದಾಗ ಸಾಲಿನ ಕೊನೆಯಿಂದ, "ಇದ್ದೀನಿ" ಎಂದು ಒಂದು ದನಿ ಬಂತು.

ಸಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಅಕ್ಕ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಹಿಡಿದು ಬಂದಳು. ಕ್ಯಾನನ್ನು ಕೆಳಗಿಟ್ಟು, ಗಂಟನ್ನು ಅವನ ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಬೂಟು.

"ನಿನ್ನೆ ಪೆಟ್ಟಿಗೆ ಬಂತು. ಅವನ ಸಾಮಾನು," ಎಂದಳು. ಒಂದು ಬೂಟನ್ನು ತಿರುಗಿಸಿ ಹಿಡಿದಳು. "ತಳ ನೋಡೋ."

ನಿಧಾನಪ್ಪ ನೋಡಿದ. ತಳದ ಗೀರುಗಳೆಲ್ಲ ಹೊಸದರ ಹಾಗೆ ಎದ್ದು ನಿಂತಿದ್ದವು. ಹೆಬ್ಬೆರಳಿನಿಂದ ಮೂತಿ ಒತ್ತಿದ. ಇನ್ನೂ ಗಡುಸು.

"ಸವೆದಿಲ್ಲ ಅಕ್ಕ. ಇನ್ನೂ ಕಚ್ಚುತ್ತಿತ್ತು," ಎಂದ.

"ಅವತ್ತು ಆ ರೇಡಿಯೊದವರು ಬೂಟಿನ ಬಗ್ಗೆ ಏನೋ ಹೇಳಿದ್ರು ಅಂದೆಯಲ್ಲ. ಪೂರ್ತಿ ಹೇಳು. ಅವತ್ತು ನಾನೇ ಬಾಗಿಲು ಹಾಕ್ದೆ."

"ಇಲ್ಲೇನಕ್ಕ? ಇಷ್ಟು ಜನರ ಎದುರು?"

"ಇವರೆಲ್ಲ ಕೇಳಿದಾರಂತೆ. ಕೇಳಿಲ್ಲದವಳು ನಾನೊಬ್ಬಳೇ."

ಅವನು ಎದ್ದು ನಿಂತು ಕೈಕಟ್ಟಿದ. ಕಚೇರಿಯಲ್ಲಿ ಒಪ್ಪಿಸಿದ ಹಾಗೆಯೇ, ಒಂದಕ್ಷರ ಬಿಡದೆ ಹೇಳಿದ. ಕಂಪನಿಯ ಮಾಲಲ್ಲ ಎಂಬಲ್ಲಿ ಈ ಸಲ ಯಾರಿಗೂ ಕೆಮ್ಮು ಬರಲಿಲ್ಲ. ಅಧ್ಯಕ್ಷರು ತಮ್ಮ ಕ್ಯಾನಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು. ಅವನು ನಿಲ್ಲಿಸದೆ, ಯಾರೂ ಹೇಳಗೊಡದ ಉಳಿದರ್ಧವನ್ನೂ ಹೇಳಿದ. ಎದುರುಬದುರು ನಿಂತ ಬೂಟುಗಳು. ಬರಿಗಾಲಲ್ಲಿ ಮನೆಗೆ ಬರುವ ಹುಡುಗರು. "ಕೆಸರುಗಾಲಲ್ಲಿ ಒಳಗೆ ಬಂದ್ರೆ ತಾಯಂದಿರು ಬೈಬಹುದು. ಬೈಲಿ. ಬೈಸಿಕೊಳ್ಳೋಕೆ..."

ಅವನು ಮೇಜಿನ ಮೇಲಿನ ಬೂಟಿನ ಕಡೆ ನೋಡಿದ.

"ಬೈತಿದ್ದೆ," ಎಂದಳು ಅಕ್ಕ. ಅವಳ ತುಟಿಯ ಒಂದು ಕೊನೆ ಮೇಲೆ ಹೋಗಿ ನಿಂತಿತು. ನಗುವೆಂದರೆ ನಗು, ಅಲ್ಲವೆಂದರೆ ಅಲ್ಲ. "ಆಗತಾನೆ ಒರೆಸಿರ್ತೀನಿ, ಕೆಸರು ತುಳ್ಕೊಂಡು ಬಂದ್ರೆ ಬಿಡ್ತೀನಾ? ಖಂಡಿತ ಬೈತಿದ್ದೆ. ಆ ಮನುಷ್ಯನಿಗೆ ಹೇಗೆ ಗೊತ್ತಾಯ್ತೋ." ಆಮೇಲೆ ಸಾಲಿನ ಕಡೆ ತಿರುಗಿ ಕೇಳಿದಳು: "ಇಂಥವರ ಬಾಯಿ ಯಾಕೆ ಮುಚ್ಚಿಸಿದ್ರಿ?"

ಸಾಲಿನಲ್ಲಿದ್ದ ಎಲ್ಲರೂ ತಮ್ಮ ತಮ್ಮ ಹಾಲು ನೋಡಿಕೊಂಡರು.

ನಿಧಾನಪ್ಪ ಕೂತು, ಅವಳ ಹಾಲನ್ನು ಅಳೆದು, ಉದ್ದನೆಯ ಪಾತ್ರೆಗೆ ಸ್ವಲ್ಪ ಸುರಿದು, ಗಾಜಿನ ಬುರುಡೆಯನ್ನು ತೇಲಿಬಿಟ್ಟು ಬಗ್ಗಿದ. ಬುರುಡೆ ಅಲುಗುತ್ತಿತ್ತು. ಅವನು ಕಾದ. ಅದು ನಿಂತಿತು, ಆದರೆ ಗೀರುಗಳು ಕಾಣಲಿಲ್ಲ. ಕಣ್ಣುಜ್ಜಿದ. ಮತ್ತೆ ಬಗ್ಗಿದ. ಭುಜ ಒಂದು ಸಲ ಕುಲುಕಿತು, ಇನ್ನೊಂದು ಸಲ ಕುಲುಕಿತು. ಅವನು ಮತ್ತೆ ನಗುತ್ತಿದ್ದಾನೆಂದು ಹಿಂದೆ ನಿಂತವರು ಒಂದು ಕ್ಷಣ ತಿಳಿದರು.

ಅಕ್ಕ ಬಗ್ಗಿ ಅವನ ಮುಖ ನೋಡಿದಳು.

"ಬಂತೇನೋ?"

"ಬಂತಕ್ಕ," ಎಂದ ನಿಧಾನಪ್ಪ.

ಅವಳು ಸೆರಗಿನಿಂದ ಅವನ ಕೆನ್ನೆ ಒರೆಸಿದಳು. ಒರೆಸಿದಷ್ಟೂ ಬರುತ್ತಿತ್ತು. "ಮುಖ ಆ ಕಡೆ ತಿರುಗಿಸೋ," ಎಂದಳು ಮೆಲ್ಲಗೆ, "ನನ್ನ ಹಾಲಿಗೆ ನೀರು ಬೀಳುತ್ತೆ."

ಹೆಡ್‌ಮಾಸ್ಟರು ತಮ್ಮ ಕ್ಯಾನನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಹೊರಗೆ ವ್ಯಾನಿನವನು ಹಾರ್ನು ಒತ್ತಲು ಹೋದವನು, ದರ್ಜಿ ಕೈ ತೋರಿಸಿದ್ದನ್ನು ನೋಡಿ ಸುಮ್ಮನಾದ. ಎಷ್ಟೋ ಹೊತ್ತಿನ ಮೇಲೆ ನಿಧಾನಪ್ಪ ಪೆನ್ನು ತೆಗೆದುಕೊಂಡು ಹದಿನೇಳರ ಎದುರು ಇಪ್ಪತ್ತೊಂಬತ್ತು ಎಂದು ಬರೆದ. ಬುರುಡೆಯನ್ನು ಅವನು ನೋಡಲಿಲ್ಲ. ನೋಡು ಎಂದು ಸಾಲಿನಲ್ಲಿ ಯಾರೂ ಹೇಳಲಿಲ್ಲ.